ಮಕ್ಕಳು ಕಡಿಮೆ ಎಂದು ಮೇಷ್ಟ್ರನ್ನು ಕಳಿಸುವ ಮುನ್ನ: ಪೋಷಕರು ಹಾಕಬೇಕಾದ ಲೆಕ್ಕ

"ನಮ್ಮ ಸ್ಕೂಲಲ್ಲಿ ಮಕ್ಕಳು ಕಡಿಮೆ, ಅದಕ್ಕೇ ಒಬ್ಬರು ಟೀಚರನ್ನು ಬೇರೆ ಕಡೆ ಹಾಕಿದ್ದಾರೆ." ಕೊಡಗಿನ ತೋಟದ ಸೀಮೆಯ ಸರ್ಕಾರಿ ಶಾಲೆಗಳ ಪೋಷಕರು ಈ ಮಾತನ್ನು ದೂರಿನಂತೆ ಹೇಳುವುದಿಲ್ಲ. ಮಳೆ ಬಂತು, ಕರೆಂಟ್ ಹೋಯಿತು ಎನ್ನುವಷ್ಟು ಸಹಜವಾಗಿ ಹೇಳಿ ಸುಮ್ಮನಾಗುತ್ತಾರೆ. ಆದರೆ ಮಕ್ಕಳು ಕಡಿಮೆ ಇರುವ ಶಾಲೆಗೂ ಕಾನೂನು ಇಬ್ಬರು ಶಿಕ್ಷಕರನ್ನು ಕೊಟ್ಟಿದೆ. ಆ ಇಬ್ಬರು ನಿಮ್ಮ ಶಾಲೆಯಲ್ಲಿದ್ದಾರೆಯೇ, ಇಲ್ಲದಿದ್ದರೆ ಯಾರನ್ನು ಹೇಗೆ ಕೇಳಬೇಕು ಎಂಬುದನ್ನು ಇಲ್ಲಿ ಹಂತ ಹಂತವಾಗಿ ಹೇಳಿದ್ದೇನೆ. ಬೇಕಾದದ್ದು ಒಂದು ನೋಟ್‌ಬುಕ್, ಒಂದು ಪೆನ್ನು ಮತ್ತು ಜೊತೆಗೆ ನಿಲ್ಲುವ ನಾಲ್ಕು ಮಂದಿ ಪೋಷಕರು.

ಮೊದಲು ಕಾನೂನಿನ ಲೆಕ್ಕ

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ, 2009) ಕೊನೆಗೆ ಒಂದು ಅನುಸೂಚಿ ಇದೆ. 1ರಿಂದ 5ನೇ ತರಗತಿವರೆಗೆ ದಾಖಲಾದ ಮಕ್ಕಳು 60ರವರೆಗೆ ಇದ್ದರೆ ಇಬ್ಬರು ಶಿಕ್ಷಕರು ಇರಬೇಕು. 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು, 121ರಿಂದ 200ಕ್ಕೆ ಐವರು. ಮಕ್ಕಳು 150 ದಾಟಿದರೆ ಐವರ ಜೊತೆಗೆ ಮುಖ್ಯ ಶಿಕ್ಷಕರೊಬ್ಬರು. 200 ದಾಟಿದರೆ ಮುಖ್ಯ ಶಿಕ್ಷಕರನ್ನು ಬಿಟ್ಟು ಒಬ್ಬ ಶಿಕ್ಷಕರಿಗೆ 40ಕ್ಕಿಂತ ಹೆಚ್ಚು ಮಕ್ಕಳು ಬರಬಾರದು.

6ರಿಂದ 8ನೇ ತರಗತಿಯ ನಿಯಮ ಬೇರೆ. ತರಗತಿಗೆ ಒಬ್ಬರಂತೆ ಶಿಕ್ಷಕರಿರಬೇಕು. ಅವರಲ್ಲಿ ವಿಜ್ಞಾನ–ಗಣಿತಕ್ಕೆ ಒಬ್ಬರು, ಸಮಾಜ ವಿಜ್ಞಾನಕ್ಕೆ ಒಬ್ಬರು, ಭಾಷೆಗೆ ಒಬ್ಬರು ಇದ್ದೇ ಇರಬೇಕು. ಜೊತೆಗೆ 35 ಮಕ್ಕಳಿಗೆ ಒಬ್ಬರಿಗಿಂತ ಕಡಿಮೆಯಾಗಬಾರದು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಕಿರಿಯ ತರಗತಿಗಳಿಗೆ ಕಾಯ್ದೆ ಎಣಿಸುವುದು ಕೊಠಡಿಯನ್ನಲ್ಲ, ಇಡೀ ಶಾಲೆಯನ್ನು. 48 ಮಕ್ಕಳ ಶಾಲೆಯಲ್ಲಿ ಒಬ್ಬರು 1, 2, 3ನೇ ತರಗತಿಯನ್ನು ಒಟ್ಟಿಗೆ ಕೂರಿಸಿ ನಲಿ–ಕಲಿ ನಡೆಸಿ, ಇನ್ನೊಬ್ಬರು 4 ಮತ್ತು 5ನ್ನು ನೋಡಿಕೊಂಡರೆ ಅದು ಕಾನೂನಿನ ಒಳಗೇ ಇದೆ. ನಲಿ–ಕಲಿ ಹುಟ್ಟಿದ್ದೇ ಪಕ್ಕದ ಎಚ್.ಡಿ. ಕೋಟೆಯಲ್ಲಿ, 1995ರ ಸುಮಾರಿಗೆ, ಇಂಥ ಬಹುತರಗತಿ ಶಾಲೆಗಳಿಗಾಗಿ. ಹಾಗಾಗಿ ಮೂರು ತರಗತಿ ಒಂದೇ ಕೊಠಡಿಯಲ್ಲಿದೆ ಎಂಬುದನ್ನೇ ದೂರಿನ ವಿಷಯ ಮಾಡಬೇಡಿ. ಇಬ್ಬರಲ್ಲಿ ಒಬ್ಬರು ಹೋಗಿ ಐದೂ ತರಗತಿ ಒಬ್ಬರ ತಲೆಗೆ ಬಂದಾಗ ನಲಿ–ಕಲಿಯೂ ಉಳಿಯುವುದಿಲ್ಲ, ಪಾಠವೂ ಉಳಿಯುವುದಿಲ್ಲ. ಕಾನೂನು ಮುರಿಯುವುದು ಅಲ್ಲಿ.

ಮಕ್ಕಳನ್ನು ಎಣಿಸಿ, ಕೊಯ್ಲಿನ ಕಾಲದಲ್ಲಿ ಇನ್ನೊಮ್ಮೆ ಎಣಿಸಿ

ದಾಖಲಾತಿಯನ್ನು ತರಗತಿವಾರು ಬರೆದುಕೊಳ್ಳಿ. ಮುಖ್ಯ ಶಿಕ್ಷಕರಲ್ಲಿ ಕೇಳಿ. ಶಾಲೆಗಳ ಅಂಕಿಅಂಶ ಇರುವ ಯುಡೈಸ್ ಪ್ಲಸ್ ಜಾಲತಾಣದಲ್ಲಿ ಶಾಲೆಯ 11 ಅಂಕಿಯ ಸಂಕೇತ ಹಾಕಿಯೂ ನೋಡಬಹುದು. ಆ ಅಂಕಿಅಂಶಕ್ಕೆ ಆಧಾರ ಸೆಪ್ಟೆಂಬರ್ 30ರ ಲೆಕ್ಕ.

ಕೊಡಗಿನ ಮಟ್ಟಿಗೆ ಈ ದಿನಾಂಕವೇ ಒಂದು ತೊಡಕು. ಕಾಫಿ ಕೊಯ್ಲು ಶುರುವಾಗುವುದು ನವೆಂಬರ್–ಡಿಸೆಂಬರ್‌ನಲ್ಲಿ. ರೊಬಸ್ಟಾ ಮುಗಿಯುವ ಹೊತ್ತಿಗೆ ಫೆಬ್ರುವರಿ ಕಳೆದಿರುತ್ತದೆ. ಕೆಲಸಕ್ಕೆ ಬರುವ ಕುಟುಂಬಗಳು ತೋಟದ ಲೈನ್ ಮನೆ (ಕಾರ್ಮಿಕರ ಸಾಲುಮನೆ) ಸೇರುವುದು ಲೆಕ್ಕ ಮುಗಿದ ಮೇಲೆ. ಆ ಮಕ್ಕಳು ಶಾಲೆಗೆ ಬಂದರೂ ಎಣಿಕೆಗೆ ಬರುವುದಿಲ್ಲ. ಎಷ್ಟೋ ಸಲ ಶಾಲೆಗೇ ಬರುವುದಿಲ್ಲ. 58 ಇದ್ದ ಸಂಖ್ಯೆ ಡಿಸೆಂಬರ್‌ನಲ್ಲಿ 66 ಆದರೆ ಮೂರನೇ ಶಿಕ್ಷಕರ ಅಗತ್ಯ ಬಂತು ಎಂದೇ ಅರ್ಥ. ಅದನ್ನು ಕಾಗದದಲ್ಲಿ ಹಿಡಿದಿಡದಿದ್ದರೆ ಯಾರ ಗಮನಕ್ಕೂ ಬಾರದು.

ಆದ್ದರಿಂದ ಕೊಯ್ಲಿನ ಕಾಲದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು ಲೈನ್ ಮನೆಗಳಿಗೂ ಹತ್ತಿರದ ಆದಿವಾಸಿ ಹಾಡಿಗೂ ಒಂದು ಸುತ್ತು ಹೋಗಿ ಬನ್ನಿ. ಶಾಲೆ ಬಿಟ್ಟ, ಶಾಲೆಗೇ ಸೇರದ ಮಕ್ಕಳ ಹೆಸರು ಬರೆದುಕೊಂಡು ಬಂದು ಸೇರಿಸಿ. ವರ್ಗಾವಣೆ ಪತ್ರ ಬಂದಿಲ್ಲವೆಂದು ಸೇರಿಸದಿರುವಂತಿಲ್ಲ (ಸೆಕ್ಷನ್ 5). ಜನ್ಮ ದಾಖಲೆ ಇಲ್ಲವೆಂದು ನಿರಾಕರಿಸುವಂತಿಲ್ಲ (ಸೆಕ್ಷನ್ 14). ವರ್ಷದ ನಡುವೆ ಬಂದರೆಂದು ವಾಪಸ್ ಕಳಿಸುವಂತಿಲ್ಲ (ಸೆಕ್ಷನ್ 15). ಆಧಾರ್ ಇಲ್ಲದಿದ್ದರೂ ಪ್ರವೇಶ ಕೊಡಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಹೀಗೆ ಸೇರುವ ಒಂದೊಂದು ಮಗುವಿನಿಂದ ಆ ಮಗುವಿಗೂ ಒಳಿತು, ನಿಮ್ಮ ಮಗುವಿನ ಶಿಕ್ಷಕರ ಹುದ್ದೆಯೂ ಉಳಿಯುತ್ತದೆ. ತೋಟದ ಕೆಲಸಕ್ಕೆ ಅಸ್ಸಾಮಿನಿಂದ ಬಂದವರ ಮಕ್ಕಳು ನಮ್ಮ ಶಾಲೆಗೇಕೆ ಎನ್ನುವವರಿಗೂ ಇದನ್ನು ಬಿಡಿಸಿ ಹೇಳಿ.

ಸರಾಸರಿಗೆ ಮರುಳಾಗಬೇಡಿ

7ನೇ ತರಗತಿವರೆಗಿನ ಒಂದು ಹಿರಿಯ ಪ್ರಾಥಮಿಕ ಶಾಲೆ ಎಂದುಕೊಳ್ಳಿ. 1ರಿಂದ 5ಕ್ಕೆ 64 ಮಕ್ಕಳು, 6 ಮತ್ತು 7ಕ್ಕೆ 21. ಒಟ್ಟು 85 ಮಕ್ಕಳು, ನಾಲ್ವರು ಶಿಕ್ಷಕರು. ಭಾಗಿಸಿದರೆ ಒಬ್ಬರಿಗೆ 21 ಮಕ್ಕಳು. "ಅನುಪಾತ ಚೆನ್ನಾಗಿಯೇ ಇದೆ" ಎಂಬ ಉತ್ತರ ಬರುತ್ತದೆ. ಅನುಸೂಚಿಯಂತೆ ಎಣಿಸಿ ನೋಡಿ: ಕೆಳಗಿನ ತರಗತಿಗಳಿಗೆ ಮೂವರು, ಮೇಲಿನವಕ್ಕೆ ವಿಷಯವಾರು ಮೂವರು, ಒಟ್ಟು ಆರು. ಎರಡು ಹುದ್ದೆ ಕೊರತೆ. 1–5 ಮತ್ತು 6–8ನ್ನು ಯಾವಾಗಲೂ ಬೇರೆ ಬೇರೆಯಾಗಿಯೇ ಎಣಿಸಿ.

ಶಿಕ್ಷಕರ ಕಡೆ ನಾಲ್ಕು ಅಂಕಿ ಬೇಕು: ಮಂಜೂರಾದ ಹುದ್ದೆ ಎಷ್ಟು, ಕೆಲಸ ಮಾಡುತ್ತಿರುವವರು ಎಷ್ಟು, ನಿಯೋಜನೆ ಮೇಲೆ ಬೇರೆಡೆ ಹೋದವರು ಎಷ್ಟು, ಅತಿಥಿ ಶಿಕ್ಷಕರು ಎಷ್ಟು. ಹಾಜರಿ ಪುಸ್ತಕದಲ್ಲಿ ಇಬ್ಬರ ಹೆಸರಿದ್ದು ಕಣ್ಣಿಗೆ ಒಬ್ಬರೇ ಕಂಡರೆ ಮೂರನೇ ಅಂಕಿಯಲ್ಲೇ ಉತ್ತರವಿರುತ್ತದೆ. ಅತಿಥಿ ಶಿಕ್ಷಕರನ್ನು ಬೇರೆಯೇ ಕಾಲಂನಲ್ಲಿ ಬರೆಯಿರಿ. ಅವರ ದುಡಿಮೆಗೆ ನಾವೆಲ್ಲ ಋಣಿಗಳು, ಆದರೆ ಅವರಿಂದ ಖಾಲಿ ಹುದ್ದೆ ತುಂಬಿದಂತಾಗುವುದಿಲ್ಲ. ಖಾಲಿ ಹುದ್ದೆ ಮಂಜೂರಾದದ್ದರ ಶೇ 10ನ್ನು ಮೀರಬಾರದು ಎನ್ನುತ್ತದೆ ಸೆಕ್ಷನ್ 26.

ವಿನಾಯಿತಿ ಇದೆಯೇ?

"ಸಣ್ಣ ಶಾಲೆಗೆ ವಿನಾಯಿತಿ ಇದೆ" ಎಂದು ಯಾರಾದರೂ ಹೇಳಿದರೆ, ಆದೇಶದ ಸಂಖ್ಯೆ ಮತ್ತು ದಿನಾಂಕವನ್ನು ಕೇಳಿ. ಕಾಯ್ದೆಯಲ್ಲಿ ಸಡಿಲಿಕೆಯ ಮಾತು ಬರುವುದು ಶಿಕ್ಷಕರ ವಿದ್ಯಾರ್ಹತೆಗೆ (ಸೆಕ್ಷನ್ 23), ಅದೂ ಐದು ವರ್ಷದ ಮಿತಿಯೊಳಗೆ. ಶಿಕ್ಷಕ–ವಿದ್ಯಾರ್ಥಿ ಅನುಪಾತಕ್ಕೆ ಅಂಥ ಸಡಿಲಿಕೆ ಕೊಟ್ಟಿಲ್ಲ. ಅನುಪಾತ ಕಾಯಲೆಂದೇ ಸೆಕ್ಷನ್ 25 ಇನ್ನೊಂದು ಮಾತು ಸೇರಿಸಿದೆ: ಒಂದು ಶಾಲೆಗೆ ನೇಮಿಸಿದ ಶಿಕ್ಷಕರನ್ನು ಬೇರೆ ಶಾಲೆಯಲ್ಲೋ ಕಚೇರಿಯಲ್ಲೋ ಕೆಲಸ ಮಾಡಿಸುವಂತಿಲ್ಲ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಇಷ್ಟಕ್ಕೆ ಮಾತ್ರ ಅವಕಾಶ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಾದ ಭೂಕುಸಿತದಂಥ ಹೊತ್ತಿನಲ್ಲಿ ಶಿಕ್ಷಕರು ಪರಿಹಾರದ ಕೆಲಸಕ್ಕೆ ಹೋಗುವುದು ನ್ಯಾಯವೇ. ವರ್ಷಗಟ್ಟಲೆ ನಡೆಯುವ ನಿಯೋಜನೆ ಆ ಪಟ್ಟಿಯಲ್ಲಿಲ್ಲ.

ಅಮೆರಿಕದ ಟೆಕ್ಸಸ್‌ನಲ್ಲಿ 4ನೇ ತರಗತಿವರೆಗೆ ಒಂದು ತರಗತಿಗೆ 22 ಮಕ್ಕಳ ಮಿತಿಯಿದೆ. ಮೀರಬೇಕಾದರೆ ರಾಜ್ಯದ ಶಿಕ್ಷಣ ಆಯುಕ್ತರಿಂದ ವಿನಾಯಿತಿ ಪಡೆಯಬೇಕು. ಸಿಕ್ಕ ಮೇಲೆ 31 ದಿನದೊಳಗೆ ಪೋಷಕರಿಗೆ ಪತ್ರ ಹೋಗಬೇಕು. ನಮ್ಮಲ್ಲಿ ಬಾಯಿಮಾತಲ್ಲೇ ಮುಗಿಯುತ್ತಿರುವುದನ್ನು ಕಾಗದಕ್ಕೆ ಇಳಿಸಿ ಎಂದು ಕೇಳಲು ಪೋಷಕರು ಹಿಂಜರಿಯಬೇಕಾಗಿಲ್ಲ.

ಪಟ್ಟಣದ ಶಾಲೆಗಳ ಸಮಸ್ಯೆ ತಿರುವುಮುರುವು: ಅಲ್ಲಿ ಮಕ್ಕಳು ಹೆಚ್ಚು, ಸೀಟು ಕಡಿಮೆ. 2019–20ರಲ್ಲಿ ರಾಜ್ಯದ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆದಾಗ ತರಗತಿಗೆ 30 ಮಕ್ಕಳ ಮಿತಿ ಇಟ್ಟಿದ್ದರು. ಅಂಥ ವಿಭಾಗದಲ್ಲಿ ಸೀಟಿಲ್ಲ ಎಂದರೆ, ಹೆಚ್ಚುವರಿ ವಿಭಾಗಕ್ಕೆ ಎಸ್‌ಡಿಎಂಸಿಯಿಂದಲೇ ಲಿಖಿತ ಬೇಡಿಕೆ ಸಲ್ಲಿಸಿ.

ಕಾಗದದ ದಾರಿ

ಎಸ್‌ಡಿಎಂಸಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಸಭೆ ಕರೆಸಿ ನಿರ್ಣಯ ಪುಸ್ತಕದಲ್ಲಿ ಹೀಗೆ ಬರೆಸಿ: "ಈ ದಿನ 1ರಿಂದ 5ನೇ ತರಗತಿಯಲ್ಲಿ ದಾಖಲಾದ ಮಕ್ಕಳು ಇಷ್ಟು. ಆರ್‌ಟಿಇ ಅನುಸೂಚಿಯಂತೆ ಇರಬೇಕಾದ ಶಿಕ್ಷಕರು ಇಷ್ಟು, ಇರುವವರು ಇಷ್ಟು. ಕೊರತೆಯನ್ನು ತುಂಬಿಕೊಡಬೇಕೆಂದೂ ನಿಯೋಜನೆ ಮೇಲೆ ಹೋದ ಶಿಕ್ಷಕರನ್ನು ವಾಪಸ್ ಕಳಿಸಬೇಕೆಂದೂ ಸಭೆ ತೀರ್ಮಾನಿಸಿದೆ." ಎಲ್ಲರೂ ಸಹಿ ಹಾಕಿ. ಶಾಲಾ ಅಭಿವೃದ್ಧಿ ಯೋಜನೆಯಲ್ಲೂ (ಸೆಕ್ಷನ್ 22) ಇದೇ ಅಂಕಿ ಸೇರಲಿ.

ನಿರ್ಣಯದ ಪ್ರತಿಯೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಅವರಿಗೆ ಪತ್ರ ಬರೆಯಿರಿ. ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆಯಲ್ಲಿ ಬಿಇಒ ಕಚೇರಿಗಳಿವೆ. ಸಮೂಹ ಸಂಪನ್ಮೂಲ ವ್ಯಕ್ತಿಗೆ (ಸಿಆರ್‌ಪಿ), ಗ್ರಾಮ ಪಂಚಾಯಿತಿಗೆ, ಮಡಿಕೇರಿಯಲ್ಲಿರುವ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ ಪ್ರತಿ ಕೊಡಿ. ಪ್ರತಿ ಕಚೇರಿಯಲ್ಲೂ ಮೊಹರು ಹಾಕಿದ ಸ್ವೀಕೃತಿ ಪಡೆಯಿರಿ. ಮಕ್ಕಳ ಗ್ರಾಮ ಸಭೆ ನಡೆಯುವಾಗ ಮಕ್ಕಳೇ ಎದ್ದು ಕೇಳಲಿ. ಅವರ ಪ್ರಶ್ನೆ ನಡಾವಳಿಗೆ ಸೇರಿತೇ ಎಂದು ನೋಡಿಕೊಳ್ಳಿ.

ಉತ್ತರ ಬಾರದಿದ್ದರೆ ಬಿಇಒ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಇಲ್ಲ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯದ್ದಾಗಿರಬೇಕು. ಶಾಲೆಯ ಶಿಕ್ಷಕರ ಹುದ್ದೆ ಎಂಬ ಒಂದೇ ವಿಷಯದಡಿ ಮಂಜೂರಾದ ಹುದ್ದೆಗಳ ಪಟ್ಟಿ ಮತ್ತು ನಿಯೋಜನೆ ಆದೇಶದ ಪ್ರತಿ, ಎರಡನ್ನೇ ಕೇಳಿ. ಉತ್ತರಕ್ಕೆ 30 ದಿನ ಗಡುವು.

ಆಮೇಲೆ ಆರ್‌ಟಿಇ ಕಾಯ್ದೆಯ ಸೆಕ್ಷನ್ 32ರ ದೂರು. ಇದನ್ನು ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತವಾಗಿ ಸಲ್ಲಿಸಬೇಕು. ಮೂರು ತಿಂಗಳೊಳಗೆ ತೀರ್ಮಾನವಾಗಬೇಕು. ತೃಪ್ತಿಯಾಗದಿದ್ದರೆ ಬೆಂಗಳೂರಿನ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ದೂರಿಗೆ ತರಗತಿವಾರು ಸಂಖ್ಯೆ, ನಿರ್ಣಯದ ಪ್ರತಿ, ಸ್ವೀಕೃತಿಗಳು, ಮಾಹಿತಿ ಹಕ್ಕಿನಲ್ಲಿ ಸಿಕ್ಕ ದಾಖಲೆಗಳನ್ನು ದಿನಾಂಕದ ಕ್ರಮದಲ್ಲಿ ಲಗತ್ತಿಸಿ. ಈಗ ಶಾಲೆಯಲ್ಲಿ ಉಳಿದಿರುವ ಒಬ್ಬ ಶಿಕ್ಷಕರ ಹೆಸರನ್ನು ದೂರುದಾರರ ಪಟ್ಟಿಯಲ್ಲಿ ಸೇರಿಸಬೇಡಿ. ಐದು ತರಗತಿಯ ಹೊರೆ ಆಗಲೇ ಅವರ ಮೇಲಿದೆ. ಸಹಿ ಪೋಷಕರದ್ದೇ ಇರಲಿ.