ಹೊಗೆಸೊಪ್ಪಿನ ಸುಂಕವೂ ಬಡವನ ಬೀಡಿಯೂ

ನೆಲಮಂಗಲ ತಾಲ್ಲೂಕಿನ ಸೋಂಪುರ ಹೋಬಳಿಯಲ್ಲಿ ಶಿವಗಂಗೆಯ ಬೆಟ್ಟದಿಂದ ಡಾಬಸ್‌ಪೇಟೆಯ ಕಾರ್ಖಾನೆಗಳ ಕಡೆಗೆ ಬರುವವನು ದಾರಿಯಲ್ಲಿ ಪೆಟ್ಟಿಗೆ ಅಂಗಡಿಗಳನ್ನು ಕಾಣುವನು. ಹೊಲದಿಂದ ಬಂದ ಮುದುಕನು ಅಲ್ಲಿ ಬೀಡಿಯ ಕಟ್ಟನ್ನು ಕೊಳ್ಳುತ್ತಾನೆ. ಕಾರ್ಖಾನೆಯಿಂದ ಹೊರಟ ಯುವಕನು ಸಿಗರೇಟನ್ನು ಕೇಳುತ್ತಾನೆ. ಇಬ್ಬರೂ ಕೊಟ್ಟ ಹಣದಲ್ಲಿ ಒಂದು ಪಾಲು ಸುಂಕವಾಗಿ ಸರಕಾರಕ್ಕೆ ಸೇರುವದು. ಈ ಸುಂಕವನ್ನು ಹೆಚ್ಚಿಸಿದರೆ ಹೊಗೆ ಸೇದುವದು ಕಡಿಮೆಯಾದೀತೋ? ಕಡಿಮೆಯಾದರೂ ಅದು ಬಡವನಿಗೆ ಅನ್ಯಾಯವಲ್ಲವೋ? ಪ್ರಿಯ ವಾಚಕರೇ, ಈ ತಿಂಗಳ ಪಾಠದಲ್ಲಿ ಈ ಎರಡು ಪ್ರಶ್ನೆಗಳನ್ನು ನಾವು ಆಲೋಚಿಸೋಣ.

ಇದು ಹೊಸ ಉಪಾಯವಲ್ಲ. ೧೬೦೪ರಲ್ಲಿ ಇಂಗ್ಲೆಂಡಿನ ಅರಸನಾದ ಒಂದನೇ ಜೇಮ್ಸನು ಹೊಗೆಸೊಪ್ಪನ್ನು ಹಳಿದು ಒಂದು ಪುಸ್ತಕವನ್ನು ಬರೆದದ್ದಲ್ಲದೆ, ಒಂದು ಪೌಂಡು ತೂಕಕ್ಕೆ ೨ ಪೆನ್ಸ್ ಇದ್ದ ಸುಂಕಕ್ಕೆ ಇನ್ನೂ ೮೦ ಪೆನ್ಸ್ ಕೂಡಿಸಿದನು. ಈಗಿನ ಕಾಲದಲ್ಲಿ ಲೋಕಾರೋಗ್ಯ ಸಂಸ್ಥೆಯವರು ಅನೇಕ ದೇಶಗಳ ಲೆಕ್ಕವನ್ನು ನೋಡಿ ಹೇಳುವದೇನಂದರೆ, ನಮ್ಮಂಥ ದೇಶಗಳಲ್ಲಿ ಬೆಲೆಯು ನೂರಕ್ಕೆ ೧೦ರಷ್ಟು ಏರಿದರೆ ಬಳಕೆಯು ನೂರಕ್ಕೆ ಸುಮಾರು ೫ರಷ್ಟು ಇಳಿಯುವದು. ಎಳೆಯರಲ್ಲಿ ಈ ಫಲವು ಹೆಚ್ಚು. ಯಾಕಂದರೆ ಅವರ ಕೈಯಲ್ಲಿ ಹಣ ಕಡಿಮೆ, ಚಟವೂ ಇನ್ನೂ ಬೇರೂರಿರುವದಿಲ್ಲ. ಆದರೆ ಕೂಲಿಯು ವರುಷ ವರುಷಕ್ಕೆ ಏರುತ್ತಿರಲಾಗಿ ಸುಂಕವು ನಿಂತಲ್ಲೇ ನಿಂತರೆ, ಹೊಗೆಸೊಪ್ಪು ಅಗ್ಗವಾದಂತೆಯೇ ಸರಿ.

ನಮ್ಮ ರಾಜ್ಯದಲ್ಲಿ ಹದಿನೈದು ವರುಷ ದಾಟಿದವರೊಳಗೆ ಹೊಗೆಸೊಪ್ಪನ್ನು ಯಾವ ರೀತಿಯಲ್ಲಾದರೂ ಬಳಸುವವರು ೨೦೦೯-೧೦ರಲ್ಲಿ ನೂರಕ್ಕೆ ೨೮.೨ ಇದ್ದರು, ೨೦೧೬-೧೭ರಲ್ಲಿ ೨೨.೮ಕ್ಕೆ ಇಳಿದರು. ಈ ಇಳಿತವನ್ನು ಸುಂಕವೊಂದರ ಫಲವೆನ್ನಲಾಗದು. ೨೦೦೮ರಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಹೊಗೆ ಸೇದುವದು ನಿಷೇಧವಾಗಿತ್ತು. ೨೦೧೩ರಲ್ಲಿ ಗುಟ್ಕಾ ನಿಷೇಧವಾಯಿತು. ೨೦೨೫ರಲ್ಲಿ ಜಾರಿಗೆ ಬಂದ ತಿದ್ದುಪಡಿಯು ೨೧ ವರುಷಕ್ಕೆ ಒಳಗಿನವರಿಗೆ ಹೊಗೆಸೊಪ್ಪನ್ನು ಮಾರಬಾರದೆಂದು ವಿಧಿಸಿ, ಸಾರ್ವಜನಿಕ ಸ್ಥಳದಲ್ಲಿ ಸೇದುವವರ ದಂಡವನ್ನು ೨೦೦ರಿಂದ ೧,೦೦೦ ರೂಪಾಯಿಯ ವರೆಗೆ ಏರಿಸಿತು.

ಇನ್ನು ಸುಂಕದ ಮಾತು. ೨೦೨೬ರ ಫೆಬ್ರವರಿ ೧ರಿಂದ ಸಿಗರೇಟಿಗೆ ನೂರಕ್ಕೆ ೪೦ರಷ್ಟು ಜಿಎಸ್‌ಟಿಯೂ ಅದರ ಉದ್ದಕ್ಕೆ ತಕ್ಕಂತೆ ಅಬಕಾರಿ ಸುಂಕವೂ ಬಿದ್ದಿವೆ. ಬೀಡಿಗಾದರೋ ೨೮ ಇದ್ದ ತೆರಿಗೆಯು ೧೮ಕ್ಕೆ ಇಳಿಯಿತು. ೨೦೧೬-೧೭ರ ಲೆಕ್ಕದಲ್ಲಿ ದೇಶದ ವಯಸ್ಕರೊಳಗೆ ಸಿಗರೇಟು ಸೇದುವವರು ನೂರಕ್ಕೆ ೪, ಬೀಡಿ ಸೇದುವವರು ೭.೭. ಬೀಡಿಯ ಹೊಗೆಯು ಸಿಗರೇಟಿನದಕ್ಕಿಂತ ಸೌಮ್ಯವಾದದ್ದಲ್ಲ; ಅದೂ ಕ್ಯಾನ್ಸರನ್ನೂ ಶ್ವಾಸಕೋಶದ ರೋಗವನ್ನೂ ತರುವದು. ಹೀಗಿರಲಾಗಿ ಪೇಟೆಯವನ ಬಾಯಿಯನ್ನು ಕಾಯುವ ಬೇಲಿಯು ಹಳ್ಳಿಯವನಿಗೆ ತೆರೆದೇ ಇದೆ. ಸಿಗರೇಟು ದುಬಾರಿಯಾದಾಗ ಕೆಲವರು ಅದನ್ನು ಬಿಡದೆ ಬೀಡಿಗೆ ಇಳಿಯುವ ಅಪಾಯವೂ ಉಂಟು.

ಬೀಡಿಗೆ ಈ ದಯೆ ಯಾಕೆ? ಮಂಗಳೂರು, ತುಮಕೂರು ಕಡೆಗಳಲ್ಲಿ ಅನೇಕ ಸ್ತ್ರೀಯರು ಮನೆಯಲ್ಲೇ ಕೂತು ಬೀಡಿ ಕಟ್ಟಿ ಜೀವಿಸುತ್ತಾರೆ. ಹುಣಸೂರು, ಪಿರಿಯಾಪಟ್ಟಣಗಳ ರೈತರಿಗೂ ಹೊಗೆಸೊಪ್ಪೇ ಹಣದ ಬೆಳೆ. ಇವರ ಅನ್ನದ ಮಾತನ್ನು ನಾವು ಹಗುರಾಗಿ ಎಣಿಸಬಾರದು. ಆದರೆ ಒಬ್ಬ ಬಡವಳ ಕೂಲಿಯು ಮತ್ತೊಬ್ಬ ಬಡವನ ಶ್ವಾಸಕೋಶದ ಮೇಲೆ ನಿಲ್ಲುವದು ಒಳ್ಳೆಯ ಏರ್ಪಾಡಲ್ಲ. ಸುಂಕದಿಂದ ಬಂದ ಹಣದಲ್ಲಿ ಒಂದು ಭಾಗದಿಂದ ಅವರಿಗೆ ಬೇರೆ ಕಸುಬನ್ನೂ ಬೇರೆ ಬೆಳೆಯನ್ನೂ ಒದಗಿಸುವದೇ ನ್ಯಾಯ.

ಸುಂಕವು ಬಡವನಿಗೆ ಭಾರವೆಂಬ ಮಾತಿನಲ್ಲಿ ಅರ್ಧ ಸತ್ಯವುಂಟು. ದಿನಕ್ಕೆ ೨೦ ರೂಪಾಯಿಯನ್ನು ಸುಡುವವನು ವರುಷಕ್ಕೆ ೭,೩೦೦ ರೂಪಾಯಿ ಸುಡುವನು. ಬೆಲೆ ಏರಿದಾಗ ಬಿಟ್ಟವನಿಗೆ ಅಷ್ಟೂ ಉಳಿತಾಯ. ಬಿಡಲಾರದವನ ಮನೆಯಲ್ಲಾದರೋ ಮಕ್ಕಳ ಹಾಲಿಗೆ ಕೊರತೆ. ಆದದರಿಂದ ಸುಂಕದ ಸಂಗಡ ಸಹಾಯವೂ ಇರತಕ್ಕದ್ದು. ಚಟ ಬಿಡಬೇಕೆನ್ನುವವರು ೧೮೦೦-೧೧೨-೩೫೬ಕ್ಕೆ ಖರ್ಚಿಲ್ಲದೆ ದೂರವಾಣಿ ಮಾಡಿ ಆಲೋಚನೆ ಕೇಳಬಹುದು. ಬಿಡಲು ಹೆಣಗುವವನನ್ನು ನೆರೆಯವರು ಹಾಸ್ಯ ಮಾಡದೆ ಕೈ ಹಿಡಿಯಲಿ.

ಆಲೋಚಿಸತಕ್ಕ ಪ್ರಶ್ನೆಗಳು:
೧. ಬೆಲೆ ಏರಿದರೆ ಎಳೆಯರು ಬೇಗನೆ ಹಿಂಜರಿಯುವದು ಯಾಕೆ?
೨. ಬೀಡಿಗೂ ಸಿಗರೇಟಿಗೂ ಬೇರೆ ಬೇರೆ ಸುಂಕವಿದ್ದರೆ ಆಗುವ ಕೇಡೇನು?
೩. ನಿಮ್ಮ ಮನೆಯಲ್ಲಿ ಹೊಗೆಸೊಪ್ಪಿಗೆ ತಿಂಗಳಿಗೆ ಎಷ್ಟು ಹೋಗುವದು? ಆ ಹಣದಿಂದ ಬೇರೇನು ಕೊಳ್ಳಬಹುದು?