ಆಷಾಢದಲ್ಲಿ ಒಣಗುವ ಹೆಡ್ಡು

ಹಳೇ ಫ್ಲೆಕ್ಸ್ ಮಿಷಿನ್ ನೋಡಲು ಹೋದವರು ಮೊದಲು ಕೇಳುವುದು ಅದು ಎಷ್ಟನೇ ಇಸವಿಯದು ಎಂದು. ಈ ಕಸುಬಿನಲ್ಲಿ ಕೈ ಮಸಿ ಮಾಡಿಕೊಂಡವರು ಬೇರೆಯದನ್ನೇ ಕೇಳುತ್ತಾರೆ: ಕೊನೆಯ ಸಲ ಪ್ರಿಂಟ್ ತೆಗೆದದ್ದು ಯಾವಾಗ? ಏಳೆಂಟು ವರ್ಷ ದಿನಾ ಓಡಿದ ಮಿಷಿನ್ ಇನ್ನೂ ಕೆಲವು ವರ್ಷ ದುಡಿದೀತು. ಎರಡೇ ವರ್ಷದ್ದಾಗಿದ್ದರೂ ಆರು ತಿಂಗಳಿಂದ ಗೋದಾಮಿನಲ್ಲಿ ಮುಸುಕು ಹೊದ್ದು ಕೂತಿದ್ದರೆ, ಅದರ ಹೆಡ್ಡುಗಳಿಗೆಂದು ಕೊಡುವ ದುಡ್ಡು ಹೊಳೆಗೆ ಸುರಿದಂತೆ.

ಪ್ರಿಂಟ್ ಹೆಡ್ ಎಂದರೆ ಕೂದಲೆಳೆಗಿಂತ ಸಪೂರವಾದ ತೂತುಗಳ ಸಾಲು. ಹತ್ತು ಅಡಿ ಅಗಲದ ಫ್ಲೆಕ್ಸ್ ಮಿಷಿನ್‌ಗಳಲ್ಲಿ ಹೆಚ್ಚಾಗಿ ಕಾಣುವ ಕೋನಿಕಾ 512 ಹೆಡ್ಡಿನಲ್ಲಿ ಅಂಥ 512 ನಾಝಲ್‌ಗಳಿವೆ. ವಿನೈಲ್ ಪ್ರಿಂಟ್ ಮಾಡುವ ಇಕೋ-ಸಾಲ್ವೆಂಟ್ ಮಿಷಿನ್‌ಗಳಲ್ಲಿ ವರ್ಷಗಟ್ಟಲೆ ಬಳಕೆಯಾದ ಎಪ್ಸನ್ ಡಿಎಕ್ಸ್5 ಹೆಡ್ಡಿನಲ್ಲಿ ಎಂಟು ಸಾಲು, ಸಾಲಿಗೆ 180ರಂತೆ 1440. ಒಳಗಿನ ಪೀಜೋ ಹರಳು ವಿದ್ಯುತ್ ತಾಗಿದಾಗಲೆಲ್ಲ ಒಮ್ಮೆ ಬಾಗಿ, ಒಂದು ಹನಿಯನ್ನು ಆಚೆ ತಳ್ಳುತ್ತದೆ. ಹನಿಯಲ್ಲಿ ಬಣ್ಣದ ಪುಡಿ, ಅಂಟು, ಅಂಟನ್ನು ಕರಗಿಸಿ ಪುಡಿಯನ್ನು ತೇಲಿಸಿಟ್ಟ ಸಾಲ್ವೆಂಟು. ಸಾಲ್ವೆಂಟು ಹಾರಿದರೆ ಬಣ್ಣ ಕಚ್ಚಿಕೊಳ್ಳುತ್ತದೆ. ಫ್ಲೆಕ್ಸ್ ಮೇಲೆ ಅದು ಬೇಗ ಆಗಬೇಕು, ತೂತಿನೊಳಗೆ ಆಗಲೇಬಾರದು. ಮಿಷಿನ್ ಇಟ್ಟವನ ದಿನಚರಿಯೆಲ್ಲ ಇದರ ಸುತ್ತಲೇ ಸುತ್ತುತ್ತದೆ.

ಕೊಳ್ಳೇಗಾಲ, ಹನೂರು, ಯಳಂದೂರಿನ ತೊಡಕು ಶುರುವಾಗುವುದು ಇಲ್ಲೇ. ಮಿಷಿನ್‌ಗೆ ದಿನಾ ಕೆಲಸ ಬೇಕು. ಈ ಸೀಮೆಯಲ್ಲಿ ಕೆಲಸ ಬರುವುದು ಪಂಚಾಂಗ ನೋಡಿಕೊಂಡು. ದೀಪಾವಳಿ, ಶಿವರಾತ್ರಿ, ಯುಗಾದಿಗೆ ಮಹದೇಶ್ವರ ಬೆಟ್ಟದ ಜಾತ್ರೆ. ಕಾಲ್ನಡಿಗೆಯಲ್ಲಿ ಹೊರಟ ಪರಸೆಗೆ ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ, ತಾಳಬೆಟ್ಟದವರೆಗೂ ಸ್ವಾಗತ ಕೋರುವ, ಅನ್ನದಾನದ ಜಾಗ ತೋರಿಸುವ ಬ್ಯಾನರುಗಳು. ಬನದ ಹುಣ್ಣಿಮೆಗೆ ಚಿಕ್ಕಲ್ಲೂರು. ಯಳಂದೂರಿನ ಕಡೆ ಸಂಕ್ರಾಂತಿ ಹೊತ್ತಿಗೆ ಬಿಳಿಗಿರಿರಂಗನ ಬೆಟ್ಟದ ಚಿಕ್ಕಜಾತ್ರೆ, ವೈಶಾಖದಲ್ಲಿ ದೊಡ್ಡ ತೇರು. ನಡುವೆ ಏಪ್ರಿಲ್ 14ರ ಅಂಬೇಡ್ಕರ್ ಜಯಂತಿ, ಆ ವಾರ ಊರೂರಿನಿಂದ ಹುಡುಗರು ಬಂದು ಅಂಗಡಿಯಲ್ಲೇ ಕೂರುತ್ತಾರೆ. "ಬೆಳಿಗ್ಗೆಗೆ ಬೇಕೇ ಬೇಕು ಕನಣ್ಣ" ಅನ್ನುವುದನ್ನು ಕೇಳಿದರೆ ನಾಳೆ ಎಂಬುದೇ ಇಲ್ಲವೇನೋ ಅನ್ನಿಸಬೇಕು.

ಆಮೇಲೆ ಆಷಾಢ. ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಇಡೀ ವಾರಕ್ಕೆ ಒಂದೋ ಎರಡೋ ಶ್ರದ್ಧಾಂಜಲಿ ಬ್ಯಾನರು. ಹೆಡ್ಡು ಸಾಯುವುದು ಜಾತ್ರೆಯ ದುಡಿಮೆಯಿಂದಲ್ಲ, ಈ ತಿಂಗಳ ಬಿಡುವಿನಿಂದ. ಅದಕ್ಕೇ ತಿಳಿದವರು ಆರ್ಡರ್ ಇರಲಿ ಬಿಡಲಿ, ದಿನಕ್ಕೊಂದು ಸಲ ಉಳಿಕೆ ಫ್ಲೆಕ್ಸಿನ ಮೇಲೆ ಕಪ್ಪು, ನೀಲಿ, ಮಜೆಂಟಾ, ಹಳದಿ ನಾಲ್ಕರದ್ದೂ ಒಂದೊಂದು ಗಟ್ಟಿ ಪಟ್ಟಿ ತೆಗೆಯುತ್ತಾರೆ. ಹೊಸಬರಿಗೆ ಇಂಕು ದಂಡವಾಯಿತೆಂದು ಹೊಟ್ಟೆ ಉರಿಯುತ್ತದೆ. ಇನ್ನು ಕೆಲವರು ಆಷಾಢದಲ್ಲಿ ಸ್ಟಿಕ್ಕರು, ಶಾಲೆಯ ಚಾರ್ಟು, ಅಂಗಡಿಯ ದರಪಟ್ಟಿಗಳನ್ನು ಅಸಲಿಗೇ ಮಾಡಿಕೊಡುತ್ತಾರೆ. ನನ್ನ ಲೆಕ್ಕದಲ್ಲಿ ಇದೇ ಜಾಣತನ: ಇಂಕೂ ಹರಿಯಿತು, ಗಿರಾಕಿಯೂ ಉಳಿದ.

ಕೊಳ್ಳುವ ಮುಂಚೆ ಮಾರುವವನು ನಾಝಲ್ ಟೆಸ್ಟ್ ತೆಗೆದು ತೋರಿಸುತ್ತಾನೆ. ಗೆರೆಗಳೆಲ್ಲ ನೆಟ್ಟಗೆ ಬಂದವೆಂದು ಅಲ್ಲೇ ಅಡ್ವಾನ್ಸ್ ಕೊಡಬಾರದು. ಟೆಸ್ಟಿಗೆ ಬೇಕಾಗುವುದು ಚಿಟಿಕೆ ಇಂಕು, ಅರ್ಧ ಕಟ್ಟಿದ ಹೆಡ್ಡೂ ಅಷ್ಟನ್ನು ಉಗುಳುತ್ತದೆ. ಪ್ರತಿ ಬಣ್ಣವನ್ನೂ ನೂರಕ್ಕೆ ನೂರು ಪ್ರಮಾಣದಲ್ಲಿ, ಪೂರ್ತಿ ಅಗಲಕ್ಕೆ, ಕೆಲವು ಅಡಿ ಉದ್ದ ಹೊಡೆಸಬೇಕು. ಮೊದಲ ಅಡಿಯಲ್ಲಿ ಗಾಢವಾಗಿದ್ದ ನೀಲಿ ನಾಲ್ಕನೇ ಅಡಿಯಲ್ಲಿ ಬಿಳಿ ಗೆರೆ ಬಿಟ್ಟರೆ ಇಂಕು ಹರಿದು ಬರುವ ದಾರಿಯಲ್ಲಿ ತೊಂದರೆಯಿದೆ. ಅದು ಡ್ಯಾಂಪರೋ ಫಿಲ್ಟರೋ ಆಗಿದ್ದರೆ ಸಣ್ಣ ಖರ್ಚು, ಹೆಡ್ಡೇ ಆಗಿದ್ದರೆ ಮಿಷಿನ್ ಬೆಲೆಯಲ್ಲಿ ದೊಡ್ಡ ಪಾಲನ್ನು ಅದೇ ನುಂಗುತ್ತದೆ. ಹೆಡ್ಡು ಬಂದು ಕೂರುವ ಕ್ಯಾಪಿನ ರಬ್ಬರ್ ಅಂಚನ್ನು ಬೆರಳಿಂದ ಮುಟ್ಟಿ ನೋಡುವುದೂ ಮುಖ್ಯ. ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ರಾತ್ರಿಯೆಲ್ಲ ಗಾಳಿ ಆಡಿದೆ ಎಂದರ್ಥ, ಮಾರುವವನ ಮಾತಿಗಿಂತ ಆ ರಬ್ಬರನ್ನು ನಂಬಬಹುದು.

ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ. ಡಿಸೈನನ್ನು ಮಿಷಿನ್‌ಗೆ ತಿಳಿಯುವ ಹನಿಗಳ ಲೆಕ್ಕಕ್ಕೆ ತಿರುಗಿಸುವ ರಿಪ್ ಸಾಫ್ಟ್‌ವೇರ್ ಎಷ್ಟೋ ಕಡೆ ಒಂದು ಯುಎಸ್‌ಬಿ ಡಾಂಗಲ್‌ಗೆ ಕಟ್ಟುಬಿದ್ದಿರುತ್ತದೆ. ಹೆಬ್ಬೆರಳಿನಷ್ಟು ಗಾತ್ರದ ಆ ತುಂಡು ಕಳೆದುಹೋದರೆ ಮಿಷಿನ್ ಮೂಕ. ಸಾಧ್ಯವಾದರೆ ಮಾರುವವನ ಹಳೇ ಕಂಪ್ಯೂಟರನ್ನೂ ಹಾಗೇ ಎತ್ತಿಕೊಂಡು ಬರುವುದು ಒಳ್ಳೆಯದು. ಬಣ್ಣದ ಪ್ರೊಫೈಲ್, ಸ್ಟೆಪ್ ಅಳತೆ, ಎರಡೂ ದಿಕ್ಕಿನ ಓಟದ ಹೊಂದಾಣಿಕೆ ಎಲ್ಲ ಅದರಲ್ಲೇ ಇರುತ್ತವೆ.

ಸಾಗಿಸುವಾಗ ಹೆಡ್ಡು ಇರುವ ಕ್ಯಾರೇಜನ್ನು ಕದಲದಂತೆ ಬಿಗಿಯಬೇಕು, ಪೈಪುಗಳಲ್ಲಿನ ಇಂಕು ಬಸಿಯಬೇಕು. ತುಂಬಿದ ಪೈಪಿನ ಸಮೇತ ಲಾರಿಗೆ ಓರೆಯಾಗಿ ಏರಿಸಿದರೆ ಇಂಕು ಹರಿದು ಬೋರ್ಡಿನ ಮೇಲೆ ಇಳಿಯುತ್ತದೆ. ಹತ್ತು ಅಡಿಯ ಮಿಷಿನ್ ಅಂದರೆ ಹತ್ತು ಅಡಿ ಪ್ರಿಂಟಿಗೆ ಮಾತ್ರ. ಎರಡು ಬದಿಯ ಪೆಟ್ಟಿಗೆ ಸೇರಿ ಅದರ ಉದ್ದ ಹದಿನಾಲ್ಕು ಹದಿನೈದು ಅಡಿ ಮುಟ್ಟುತ್ತದೆ. ಪೇಟೆಬೀದಿಯ ಕಿರಿದಾದ ಅಂಗಡಿಗೆ ಅದು ನುಗ್ಗುವುದಿಲ್ಲ, ಆದ್ದರಿಂದಲೇ ಇಂಥವು ಊರಾಚೆಯ ಶೀಟಿನ ಶೆಡ್ಡು ಹಿಡಿಯುತ್ತವೆ. ಶೀಟಿನ ಕೆಳಗೆ ಮಾರ್ಚ್–ಏಪ್ರಿಲ್ ಬಿಸಿಲು ಹೇಗಿರುತ್ತದೆಂದು ಕೊಳ್ಳೇಗಾಲದವರಿಗೆ ಹೇಳಬೇಕಾಗಿಲ್ಲ. ಒಣಗಾಳಿಗೆ ಫ್ಲೆಕ್ಸಿನ ಮೈಮೇಲೆ ವಿದ್ಯುದಂಶ ಕೂಡಿಕೊಳ್ಳುತ್ತದೆ. ರೋಲ್ ಬಿಚ್ಚಿದಾಗ ಕೈಗೆ ಚುರ್ ಎನ್ನುವುದೂ, ಅಕ್ಷರದ ಅಂಚಿನಲ್ಲಿ ಇಂಕು ಹೊಗೆಯಂತೆ ಹರಡುವುದೂ ಅದರಿಂದಲೇ. ನೆಲಕ್ಕೆ ನೀರು ಚಿಮುಕಿಸುವುದು, ಒದ್ದೆ ಗೋಣಿ ಹಾಸುವುದು ಅಗ್ಗದ ಉಪಾಯ. ಸಾಮಾನ್ಯವಾಗಿ ಗಾಳಿಯಲ್ಲಿ ಶೇಕಡ 40ರಿಂದ 60ರಷ್ಟು ತೇವವಿದ್ದರೆ ಹೆಡ್ಡಿಗೂ ಫ್ಲೆಕ್ಸಿಗೂ ಹಿತ. ಗೋಡೆಗೊಂದು ತೇವಮಾಪಕ ನೇತುಹಾಕಿದರೆ ಊಹಿಸುವ ಕೆಲಸ ತಪ್ಪುತ್ತದೆ.

ಅರ್ಥಿಂಗ್ ವಿಚಾರಕ್ಕೆ ಬಂದರೆ ನಾನು ಸ್ವಲ್ಪ ಹಟಮಾರಿ. ಮಿಷಿನ್ ಕೂರಿಸುವ ಮುಂಚೆಯೇ ಅದಕ್ಕೆಂದು ಬೇರೆ ಗುಂಡಿ ತೋಡಿಸಿ, ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಎಷ್ಟು ವೋಲ್ಟ್ ಇದೆಯೆಂದು ಮೀಟರ್ ಹಿಡಿದು ನೋಡಬೇಕು. ಎರಡು ಮೂರು ವೋಲ್ಟ್ ದಾಟಿದರೆ ಎಲೆಕ್ಟ್ರಿಷಿಯನ್‌ನನ್ನು ಮನೆಗೆ ಕಳಿಸಬಾರದು. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕುವುದೂ ಮರೆಯಬಾರದ ಕೆಲಸ. ಪ್ರಿಂಟ್ ಓಡುವಾಗ ಕರೆಂಟ್ ಹೋದರೆ ಕ್ಯಾರೇಜ್ ನಡುದಾರಿಯಲ್ಲೇ ನಿಲ್ಲುತ್ತದೆ, ಹೆಡ್ಡುಗಳು ಬಯಲಿಗೆ ಬಿದ್ದಂತೆಯೇ. ಯುಪಿಎಸ್ ಬೇಕಾಗುವುದು ಕೆಲಸ ಮುಗಿಸಲಿಕ್ಕಲ್ಲ, ಕ್ಯಾರೇಜನ್ನು ಕ್ಯಾಪಿನ ಮೇಲೆ ತಂದು ಕೂರಿಸುವಷ್ಟು ಹೊತ್ತಿಗೆ.

ದಿನದ ಶುಚಿ ಸಣ್ಣದು, ಆದರೆ ತಪ್ಪುವಂತಿಲ್ಲ. ವೈಪರ್ ಮತ್ತು ಕ್ಯಾಪಿನ ಅಂಚನ್ನು ಎಳೆ ಬಿಡದ ಬಟ್ಟೆಗೆ ಕ್ಲೀನಿಂಗ್ ಲಿಕ್ವಿಡ್ ಹಾಕಿ ಒರೆಸಬೇಕು. ಹೆಡ್ಡಿನ ತಳವನ್ನು ಉಜ್ಜಬಾರದು. ಕ್ಯಾರೇಜ್ ಎಲ್ಲಿದೆಯೆಂದು ತಿಳಿಸುವ ಎನ್‌ಕೋಡರ್ ಪಟ್ಟಿಯ ಮೇಲೆ ಇಂಕಿನ ಧೂಳು ಕೂತರೆ ಚಿತ್ರ ಒಂದೆಡೆ ಜಗ್ಗಿದಂತೆ ಬರುತ್ತದೆ, ಅದನ್ನು ಮೆಲ್ಲಗೆ ಒರೆಸಿದರೆ ಸರಿಹೋಗುವ ಕಾಯಿಲೆಗೆ ಎಷ್ಟೋ ಜನ ಬೆಂಗಳೂರಿನಿಂದ ಮೆಕ್ಯಾನಿಕ್ ಕರೆಸುತ್ತಾರೆ. ಹೆಡ್ಡಿನ ಚಪ್ಪಟೆ ಕೇಬಲ್ಲನ್ನು ಕರೆಂಟ್ ಇರುವಾಗ ಬಿಚ್ಚುವುದು, ಅಥವಾ ಲಿಕ್ವಿಡ್ ತಾಗಿದ ಕೇಬಲ್ಲನ್ನು ಹಾಗೇ ಸಿಕ್ಕಿಸುವುದು ಮಾತ್ರ ಕ್ಷಮೆಯಿಲ್ಲದ ಕೆಲಸ. ಹೆಡ್ಡಿನ ಜೊತೆ ಬೋರ್ಡೂ ಸುಡಬಹುದು. ಇಂಕಿನ ಕಂಪನಿ ಬದಲಿಸುವಾಗ ಹಳೆಯದನ್ನು ಪೂರ್ತಿ ತೊಳೆದು ತೆಗೆಯಬೇಕು. ಎರಡು ಕಂಪನಿಯವು ಬೆರೆತು ಪೈಪಿನಲ್ಲಿ ಗಂಜಿ ಕಟ್ಟಿದರೆ ಲೀಟರಿಗೆ ಉಳಿಸಿದ ನೂರಿನ್ನೂರಕ್ಕೆ ಅರ್ಥವಿರುವುದಿಲ್ಲ. ಇನ್ನು ಆ ವಾಸನೆ: ಮುಚ್ಚಿದ ಕೋಣೆಯಲ್ಲಿ ಸಾಲ್ವೆಂಟಿನ ಆವಿ ಕುಡಿದು ತಲೆನೋವು ಬಂದರೆ ಅದು ಅಭ್ಯಾಸವಾಗುವ ವಿಷಯವಲ್ಲ, ಎಕ್ಸಾಸ್ಟ್ ಫ್ಯಾನು ಮಿಷಿನ್ ಜೊತೆಗೇ ಬರಬೇಕಾದ ಭಾಗ.

ಕನ್ನಡದ ಅಂಗಡಿಗೆ ಬೇರೆ ರಾಜ್ಯದವರಿಗಿಲ್ಲದ ಇನ್ನೊಂದು ಕಾಟವೂ ಉಂಟು ಅಂದುಕೊಳ್ಳುತ್ತೇವೆ. ತಮಿಳರಿಗೂ ತೆಲುಗರಿಗೂ ಅದು ಇದ್ದದ್ದೇ. ಗಿರಾಕಿ ವಾಟ್ಸ್ಯಾಪ್‌ನಲ್ಲಿ ಕಳಿಸುವುದು ಯೂನಿಕೋಡ್ ಕನ್ನಡ. ಡಿಸೈನರ್ ಕೈ ಪಳಗಿರುವುದು ನುಡಿ, ಶ್ರೀಲಿಪಿಯಂಥ ಹಳೇ ಆಸ್ಕಿ ಫಾಂಟುಗಳಲ್ಲಿ, ಅಲ್ಲಿ ಕನ್ನಡದ ಚೂರುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಹಾಗೇ ಅಂಟಿಸಿದರೆ ಕೋರೆಲ್ ಡ್ರಾನ ಹಳೇ ಆವೃತ್ತಿಯಲ್ಲಿ ಒತ್ತಕ್ಷರ ಕಳಚಿ ಪಕ್ಕಕ್ಕೆ ಬೀಳುತ್ತದೆ. ಪರಿವರ್ತಿಸಿ, ಓದಿ, ರಿಪ್‌ಗೆ ಕಳಿಸುವ ಮೊದಲು ಅಕ್ಷರಗಳನ್ನೆಲ್ಲ ಕರ್ವ್ ಮಾಡಿಬಿಡುವುದು ಕ್ಷೇಮ. ಇಪ್ಪತ್ತಕ್ಕೆ ಹತ್ತು ಅಡಿಯ ಬ್ಯಾನರಿನಲ್ಲಿ ಊರ ಹಿರಿಯರ ಹೆಸರು ತಪ್ಪಾದರೆ ಇನ್ನೂರು ಚದರ ಅಡಿಯ ಇಂಕೂ ಫ್ಲೆಕ್ಸೂ ಅಂಗಡಿಯವನದೇ.

ಕಾನೂನನ್ನು ಬಿಟ್ಟು ಈ ಲೆಕ್ಕ ಪೂರ್ತಿಯಾಗದು. 2016ರ ಮಾರ್ಚ್ 11ರ ರಾಜ್ಯ ಸರ್ಕಾರದ ಅಧಿಸೂಚನೆ ಪ್ಲಾಸ್ಟಿಕ್ ಬ್ಯಾನರ್, ಬಂಟಿಂಗ್, ಫ್ಲೆಕ್ಸ್‌ಗಳ ತಯಾರಿ, ಮಾರಾಟ, ಬಳಕೆ ಮೂರನ್ನೂ ನಿಷೇಧಿಸಿತು. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಕಿವಿ ಹಿಂಡಿದ ಮೇಲೆ ಬೆಂಗಳೂರಿನ ಪಾಲಿಕೆ ಬೀದಿಬೀದಿಯ ಫ್ಲೆಕ್ಸ್ ಕಿತ್ತಿತು. 2022ರ ಜುಲೈ 1ರಿಂದ ದೇಶದಾದ್ಯಂತ 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರ್ ಕೂಡದು. ಹಾಗಾಗಿ ಇಂದು ಹಳೇ ಹತ್ತಡಿ ಮಿಷಿನ್ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವವರು, ಅದರಲ್ಲಿ ಏನು ಪ್ರಿಂಟ್ ಮಾಡುತ್ತೇನೆಂದು ಮೊದಲು ಕೇಳಿಕೊಳ್ಳಬೇಕು. ಚುನಾವಣೆ ಬಂದರೆ ಮತ್ತೊಂದು ನಿಯಮ: ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಮಿನಂತೆ ಪೋಸ್ಟರ್, ಕರಪತ್ರದಲ್ಲಿ ಮುದ್ರಕನ, ಪ್ರಕಾಶಕನ ಹೆಸರು ವಿಳಾಸ ಇರಲೇಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 2000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಪರಿಚಯದ ಪುಢಾರಿ "ಅದೆಲ್ಲ ನಾನು ನೋಡ್ಕತೀನಿ, ನೀ ಹೊಡಿ" ಅಂದರೂ ಬಟನ್ ಒತ್ತುವ ಮುಂಚೆ ಆ ಸಾಲು ಸೇರಿದೆಯೇ ಎಂದು ನೋಡುವುದು ಲೇಸು.

ಹೊಸದಾಗಿ ಕೈಹಾಕುವವರಿಗೆ ಐದಾರು ಅಡಿಯ ಹಳೇ ಇಕೋ-ಸಾಲ್ವೆಂಟ್ ಮಿಷಿನ್ನೇ ವಾಸಿ ಎಂದು ನನಗನ್ನಿಸುವುದು ಈ ಕಾರಣಕ್ಕೂ ಹೌದು. ವಾಸನೆ ಕಡಿಮೆ, ಪೇಟೆಯ ಅಂಗಡಿಗೆ ಹಿಡಿಸುತ್ತದೆ, ಕೆಲಸ ಜಾತ್ರೆಯನ್ನಷ್ಟೇ ನಂಬಿಕೊಂಡಿಲ್ಲ. ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡವಿರಬೇಕೆಂದು 2024ರ ತಿದ್ದುಪಡಿ ಹೇಳಿದ ಮೇಲೆ ಹಳೇ ಬೋರ್ಡ್ ಬದಲಿಸುವ ಕೆಲಸವೂ ಸೇರಿಕೊಂಡಿತು. ರೇಷ್ಮೆ ಸೀರೆ ಅಂಗಡಿಯ ಗಾಜು, ಆಟೋದ ಹಿಂಭಾಗ, ಸನ್‌ಬೋರ್ಡ್ ಫಲಕ, ಎಲ್ಲಕ್ಕೂ ವಿನೈಲೇ. ಇಲ್ಲಿ ಕಲಿಯಬೇಕಾದದ್ದು ಕಾಯುವುದು. ಮುಟ್ಟಿದರೆ ಒಣಗಿದಂತಿದ್ದರೂ ಸಾಲ್ವೆಂಟು ವಿನೈಲಿನೊಳಗೆ ಇಳಿದಿರುತ್ತದೆ, ಅದು ಹಾರಿಹೋಗಲು ಒಂದು ದಿನವಾದರೂ ಬೇಕು. ರೋಲನ್ನು ಬಿಗಿಯಾಗಿ ಸುತ್ತಿಡದೆ ಸಡಿಲವಾಗಿ ನಿಲ್ಲಿಸಬೇಕು. ಆತುರಕ್ಕೆ ಅಂದೇ ಲ್ಯಾಮಿನೇಷನ್ ಎಳೆದರೆ ಆವಿ ಒಳಗೇ ಸಿಕ್ಕಿ ಅಂಟು ಮೆತ್ತಗಾಗುತ್ತದೆ, ಕೆಲವೇ ವಾರದಲ್ಲಿ ಅಂಚು ಸುರುಳಿ ಏಳುತ್ತದೆ. ಆಟೋದವನಿಗೆ ಇದನ್ನು ಪ್ರಿಂಟ್ ಕೊಟ್ಟ ಮೇಲೆ ಹೇಳುವುದಕ್ಕಿಂತ ಅಡ್ವಾನ್ಸ್ ಇಸ್ಕೊಳ್ಳುವಾಗಲೇ ಹೇಳಿದರೆ ಜಗಳ ಕಡಿಮೆ: "ಇವತ್ತು ಹೊಡ್ದು ಇಡ್ತೀನಿ ಕನಪ್ಪ, ನಾಳೆ ಸಂಜಿಕೆ ಬಾ, ಅಂಟಿಸ್ಕೊಡ್ತೀನಿ."