ದೂರ ಒಂದೇ, ಸಮಯ ಯಾಕೆ ಎರಡು?

ಜುಲೈ ತಿಂಗಳು ಅಂತಿಟ್ಕೊಳ್ಳಿ. ಚಿಲಿಯ ಸ್ಯಾಂಟಿಯಾಗೊದಿಂದ ಬೆಳಿಗ್ಗೆ 10:00ಕ್ಕೆ ಹೊರಟ ವಿಮಾನ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ಗೆ 12:40ಕ್ಕೆ ತಲುಪುತ್ತೆ. ವಾಪಸ್ ಹೊರಡೋದು 14:00ಕ್ಕೆ, ಇಳಿಯೋದು 15:04ಕ್ಕೆ. (ವೇಳೆಗಳು ಲೆಕ್ಕಕ್ಕಾಗಿ ನಾನೇ ಇಟ್ಟವು.) ಟಿಕೆಟ್ ನೋಡಿದವರು ಏನಂತಾರೆ? ಹೋಗೋಕೆ 2 ಗಂಟೆ 40 ನಿಮಿಷ, ಬರೋಕೆ ಬರೀ 1 ಗಂಟೆ 4 ನಿಮಿಷ. ಅಂದ್ರೆ ಗಾಳಿ ಪೂರ್ವದಿಂದ ಬೀಸ್ತಿದೆ!

ಪೂರ್ತಿ ಉಲ್ಟಾ. ಚಳಿಗಾಲದಲ್ಲಿ ಸ್ಯಾಂಟಿಯಾಗೊ ಗಡಿಯಾರ ಬ್ಯೂನಸ್ ಐರಿಸ್‌ಗಿಂತ ಒಂದು ಗಂಟೆ ಹಿಂದಿರುತ್ತದೆ. ಅದನ್ನು ಸರಿಪಡಿಸಿದರೆ ಹೋಗಲು 1:40, ಬರಲು 2:04. ಬೇಸಿಗೆಯಲ್ಲಿ ಚಿಲಿ ಗಡಿಯಾರವನ್ನು ಮುಂದೆ ತಿರುಗಿಸುವುದರಿಂದ ಎರಡೂ ಕಡೆ ಒಂದೇ ಸಮಯ.

ಈಗ ದೂರ. ಸ್ಯಾಂಟಿಯಾಗೊ ನಿಲ್ದಾಣ ಸುಮಾರು 33.39° ದಕ್ಷಿಣ, 70.79° ಪಶ್ಚಿಮ, ಬ್ಯೂನಸ್ ಐರಿಸ್‌ನ ಎಸೈಸಾ ನಿಲ್ದಾಣ 34.82° ದಕ್ಷಿಣ, 58.54° ಪಶ್ಚಿಮ. ಒಂದು ಡಿಗ್ರಿ ಅಕ್ಷಾಂಶಕ್ಕೆ 111 ಕಿ.ಮೀ. ರೇಖಾಂಶಕ್ಕೆ ಅದನ್ನೇ ಕಾಸ್ 34°ಯಿಂದ ಗುಣಿಸಿದರೆ 92 ಕಿ.ಮೀ. ಪೂರ್ವ-ಪಶ್ಚಿಮ 12.25 × 92 = 1127, ಉತ್ತರ-ದಕ್ಷಿಣ 1.43 × 111 = 159. ಪೈಥಾಗೊರಸ್ ಹಾಕಿದರೆ 1138 ಕಿ.ಮೀ. ಹ್ಯಾವರ್ಸೈನ್ ಸೂತ್ರ ಹಾಕಿದರೂ ಹೆಚ್ಚುಕಮ್ಮಿ ಇಷ್ಟೇ ಬರುತ್ತೆ. ಆದ್ರೆ ಲಿಮಾದಿಂದ ಮ್ಯಾಡ್ರಿಡ್‌ಗೆ ಈ ಶಾರ್ಟ್‌ಕಟ್ ಹಾಕ್ಬೇಡಿ, ಅಲ್ಲಿ ಭೂಮಿ ಗುಂಡಗಿರೋದು ಗೊತ್ತಾಗುತ್ತೆ.

ದೂರ ಸುಲಭ. ತಲೆನೋವು ವೇಗದ್ದು. ವಿಮಾನದ ವೇಗ ಗಾಳಿಗೆ ಹೋಲಿಸಿ 850 ಕಿ.ಮೀ. ಇರಬಹುದು, ಆದರೆ ಆ ಗಾಳಿಯೇ ಓಡುತ್ತಿರುತ್ತದೆ. ಈ ಭಾಗದಲ್ಲಿ ಎತ್ತರದ ಗಾಳಿ ಸಾಮಾನ್ಯವಾಗಿ ಪಶ್ಚಿಮದಿಂದ. 120 ಕಿ.ಮೀ. ಅಂತ ಹಿಡಿಯೋಣ. ಹೋಗುವಾಗ ನೆಲದ ಮೇಲಿನ ವೇಗ 970, ಸಮಯ 70 ನಿಮಿಷ. ಬರುವಾಗ 730, ಅಂದರೆ 94 ನಿಮಿಷ. ಟ್ಯಾಕ್ಸಿ, ಏರುವುದು, ಇಳಿಯುವುದಕ್ಕೆ ಒಟ್ಟು ಅರ್ಧ ಗಂಟೆ ಸೇರಿಸಿ. ಮೇಲಿನ ಟಿಕೆಟ್ ಬಂತು.

ಗಾಳಿಯನ್ನು ಮರೆತು ಬರುವ ಪೈಲಟ್ 80 ನಿಮಿಷಕ್ಕೇ ‘ಬಂದೆ’ ಅಂದುಕೊಳ್ಳುತ್ತಾನೆ. ನಿಜಕ್ಕೂ ಅವನು ಇನ್ನೂ 160 ಕಿ.ಮೀ. ಹಿಂದಿರುತ್ತಾನೆ. ಆಂಡಿಸ್‌ನ ನೆತ್ತಿ ಇರೋದು ಸ್ಯಾಂಟಿಯಾಗೊಗಿಂತ ಸುಮಾರು 90 ಕಿ.ಮೀ. ಮೊದಲು. ಅಂದರೆ ಬೆಟ್ಟ ಇನ್ನೂ ದಾಟೇ ಇಲ್ಲ.

ಇದು ಬರೀ ಲೆಕ್ಕ ಅಲ್ಲ. 1947ರ ಆಗಸ್ಟ್ 2ರಂದು ‘ಸ್ಟಾರ್ ಡಸ್ಟ್’ ಹೆಸರಿನ ಬ್ರಿಟಿಷ್ ವಿಮಾನ 11 ಜನರೊಂದಿಗೆ ಬ್ಯೂನಸ್ ಐರಿಸ್‌ನಿಂದ ಸ್ಯಾಂಟಿಯಾಗೊಗೆ ಹೊರಟಿತ್ತು. ಕೆಳಗೆಲ್ಲ ಮೋಡ, ನೆಲ ಕಾಣ್ತಿಲ್ಲ. ಜೆಟ್ ಸ್ಟ್ರೀಮ್ ಬಗ್ಗೆ ಆಗಿನ ಪೈಲಟ್‌ಗಳಿಗೆ ಹೆಚ್ಚು ಗೊತ್ತಿರಲಿಲ್ಲ. ವೇಗ ಮತ್ತು ಗಡಿಯಾರ ನೋಡಿ ‘ಎಲ್ಲಿದ್ದೇವೆ’ ಅಂತ ಅಂದಾಜು ಮಾಡಬೇಕಿತ್ತು. ಸಂಜೆ 5:41ಕ್ಕೆ ‘5:45ಕ್ಕೆ ಇಳಿಯುತ್ತೇವೆ’ ಎಂದು ಮೋರ್ಸ್ ಸಂದೇಶ ಬಂತು, ಆಮೇಲೆ ಏನೂ ಇಲ್ಲ. ಸುಮಾರು ಐವತ್ತು ವರ್ಷಗಳ ನಂತರ ಟುಪುಂಗಾಟೊ ಶಿಖರದ ಹಿಮನದಿಯಲ್ಲಿ ಅವಶೇಷ ಸಿಕ್ಕಿತು. ಆಂಡಿಸ್ ದಾಟಿದ್ದೇವೆಂದು ನಂಬಿ ಮೋಡದೊಳಗೆ ಇಳಿದು ಬೆಟ್ಟಕ್ಕೆ ಬಡಿದಿದೆ ಎಂಬುದೇ ಒಪ್ಪಿತ ವಿವರಣೆ.

ಒಂದು ಪ್ರಶ್ನೆ ನಿಮಗೆ ಬಿಡ್ತೀನಿ. ಹೋಗುವಾಗ ಗಾಳಿ ಉಳಿಸಿದ ನಿಮಿಷಗಳು, ಬರುವಾಗ ತಿಂದ ನಿಮಿಷಗಳು ಸಮವಾ? ಗಾಳಿಯೇ ಇಲ್ಲದಿದ್ದರೆ ಹೋಗಿಬರೋಕೆ ಹಾರಾಟ 161 ನಿಮಿಷ. ಗಾಳಿ ಇದ್ದಾಗ ಎಷ್ಟು, ಯಾಕೆ? ಕ್ಯಾಂಟೀನ್‌ನಲ್ಲಿ ಚಹಾ ಬರೋದ್ರೊಳಗೆ ಮಾಡಬಹುದು.